ರೆಕ್ಸ್ ಬಿಗೋನಿಯಾದ ಎಲೆ ಜೋತು ಬಿತ್ತೇ? ನೀರು ಹಾಕುವ ಮೊದಲು ಚಟ್ಟಿ ಎತ್ತಿ ನೋಡಿ

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಆಚೆಮನೆಯ ಹುಡುಗಿ ನಮ್ಮ ಜಗಲಿಗೆ ಬಂದಳು. ಒಂದು ಕೈಯಲ್ಲಿ ಚಟ್ಟಿ, ಇನ್ನೊಂದು ಕೈಯಲ್ಲಿ ಕೊಡೆ. ಕೊಡೆ ಪೂರ್ತಿ ಗಿಡದ ಮೇಲಿತ್ತು. ಅವಳ ಒಂದು ಬದಿ ನೆನೆದು ತೊಪ್ಪೆಯಾಗಿತ್ತು. ಚಟ್ಟಿಯಲ್ಲಿ ರೆಕ್ಸ್ ಬಿಗೋನಿಯಾ. ನೇರಳೆ ಅಂಚು, ನಡುವೆ ಬೆಳ್ಳಿ ಬಣ್ಣ. ಅಷ್ಟು ಚಂದದ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಚಟ್ಟಿಯ ಬಾಯಿಯಿಂದ ಕೆಳಗೆ ಇಳಿಬಿದ್ದಿದ್ದವು.

"ದಿನಾ ನೀರು ಹಾಕ್ತಿದ್ದೆ ಅಕ್ಕಾ. ಎಲೆ ಬಾಡಿದ್ದು ನೋಡಿ ನಿನ್ನೆ ಎರಡು ಸಲ ಹಾಕಿದೆ. ಆದರೂ ಹೀಗಾಯ್ತು" ಅಂದಳು.

ಚಟ್ಟಿ ಎತ್ತಿದೆ. ಕಲ್ಲು ಹೊತ್ತ ಹಾಗಿತ್ತು. ಅವಳಿಗೆ ಉತ್ತರ ಅಲ್ಲೇ ಇತ್ತು.

ನಮ್ಮದು ಕಾಸರಗೋಡಿನ ಬದಿಯಡ್ಕದ ಕಡೆ, ಅಡಿಕೆ ತೋಟದ ನಡುವಿನ ಮನೆ. ಹನ್ನೆರಡು ವರ್ಷದಿಂದ ಈ ಗಿಡಗಳನ್ನು ಸಾಕುತ್ತಿದ್ದೇನೆ. ಸುರುವಿನಲ್ಲಿ ತಂದ ಏಳು ಗಿಡಗಳಲ್ಲಿ ಐದನ್ನು ಕಳೆದುಕೊಂಡೆ. ಆ ಐದೂ ನೀರಿಲ್ಲದೆ ಸತ್ತದ್ದಲ್ಲ, ನೀರು ಕುಡಿದು ಸತ್ತದ್ದು. ಹಾಗಾಗಿ ಈಗ ಯಾರು ಬಂದು ಬಿಗೋನಿಯಾ ಬಾಡಿತು ಅಂದರೂ ನಾನು ಮೊದಲು ಕೇಳುವುದು ಒಂದೇ ಮಾತು: ಚಟ್ಟಿ ಎತ್ತಿ ನೋಡಿದಿರಾ?

ಎಲೆ ಜೋತು ಬೀಳುವುದಕ್ಕೆ ಮುಖ್ಯವಾಗಿ ಎರಡು ಕಾರಣ ಇರುತ್ತದೆ. ಒಂದು, ಮಣ್ಣಲ್ಲಿ ನೀರಿಲ್ಲ. ಇನ್ನೊಂದು, ಮಣ್ಣಲ್ಲಿ ನೀರಿದೆ, ಆದರೆ ಅದನ್ನು ಕುಡಿಯಲು ಬೇರು ಉಳಿದಿಲ್ಲ. ಎರಡರಲ್ಲೂ ಎಲೆ ಕಾಣುವುದು ಒಂದೇ ತರ. ಮದ್ದು ಮಾತ್ರ ಪೂರ್ತಿ ಉಲ್ಟಾ.

ಮೊದಲ ಐದು ನಿಮಿಷ

ಏನನ್ನೂ ಹಾಕಬೇಡಿ, ಏನನ್ನೂ ಕತ್ತರಿಸಬೇಡಿ. ಸುಮ್ನೆ ನೋಡಿ.

ಚಟ್ಟಿ ಎತ್ತಿ. ನೀರು ಕುಡಿದ ಚಟ್ಟಿಗೂ ಒಣಗಿದ ಚಟ್ಟಿಗೂ ತೂಕದಲ್ಲಿ ತುಂಬ ವ್ಯತ್ಯಾಸ ಇರುತ್ತದೆ. ಒಂದು ವಾರ ದಿನಾ ಎತ್ತಿ ನೋಡಿದರೆ ಕೈಗೆ ಅಳತೆ ಸಿಕ್ಕುತ್ತದೆ. ಮೇಲಿನ ಮಣ್ಣು ಒಣಗಿದ್ದು ನೋಡಿ ಮೋಸ ಹೋಗಬೇಡಿ. ತೆಂಗಿನ ನಾರಿನ ಪುಡಿ ಮೇಲೆ ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೂ ಎರಡು ಇಂಚು ಕೆಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ ಇರಬಹುದು. ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸಿ ನೋಡಿ.

ಆಮೇಲೆ ಗೆಡ್ಡೆ ಮುಟ್ಟಿ. ರೆಕ್ಸ್ ಬಿಗೋನಿಯಾಕ್ಕೆ ಮಣ್ಣಿನ ಮೇಲೆಯೇ ಮಲಗಿದ ಹಾಗೆ ಒಂದು ದಪ್ಪ ದಂಟು ಇರುತ್ತದೆ, ಶುಂಠಿಯ ತುಂಡಿನ ತರ. ಗಿಡದ ಜೀವ ಅದರಲ್ಲಿ. ಹೆಬ್ಬೆರಳಿಂದ ಮೆಲ್ಲ ಒತ್ತಿ. ಹಸಿ ಶುಂಠಿಯ ಹಾಗೆ ಗಟ್ಟಿ ಇದ್ದರೆ ಎಲೆ ಒಂದೂ ಉಳಿಯದಿದ್ದರೂ ಗಿಡ ಬದುಕುತ್ತದೆ. ಮೆತ್ತಗೆ ಕುಸಿದು, ಕೈಗೆ ಕಂದು ನೀರು ಹತ್ತಿದರೆ ಕೊಳೆತಿದೆ ಅಂತ ಅರ್ಥ.

ಮೂರನೆಯದು, ಯಾವ ಎಲೆ? ಹಳೆಯ, ಹೊರಗಿನ ಎಲೆ ಒಂದೊಂದೇ ಹಳದಿಯಾಗಿ ಬಿದ್ದರೆ ತಲೆಬಿಸಿ ಬೇಡ. ಅದಕ್ಕೆ ವಯಸ್ಸಾಯಿತು. ನಡುವಿನ ಹೊಸ ಎಲೆ ಮುರುಟಿದರೆ, ಕಪ್ಪಾದರೆ ಮಾತ್ರ ಗಂಭೀರ. ಕೊನೆಗೆ ಎಲೆಯ ಅಡಿ ಮಗುಚಿ ಮೊಬೈಲಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಣ್ಣಿಗೆ ಸುಲಭದಲ್ಲಿ ಕಾಣದ ಹುಳ ಅದರಲ್ಲಿ ಕಾಣಬಹುದು.

ಚಟ್ಟಿ ಭಾರ, ಎಲೆ ಜೋತು

ನಮ್ಮ ಊರಲ್ಲಿ ಜಾಸ್ತಿ ಆಗುವುದು ಇದೇ. ಜೂನಿಂದ ಸೆಪ್ಟೆಂಬರ್ ಒಳಗೆ ಕಾಸರಗೋಡಿನಲ್ಲಿ ಸುರಿಯುವ ಮಳೆ ಎಷ್ಟು ಅಂತ ನಿಮಗೆ ಹೇಳಬೇಕಾಗಿಲ್ಲ. ಇಡೀ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಆ ನಾಲ್ಕು ತಿಂಗಳು ಗಾಳಿಯಲ್ಲೇ ನೀರು. ಹಾಸಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಬಟ್ಟೆ ಒಣಗದಿದ್ದರೆ ಚಟ್ಟಿಯೂ ಒಣಗುವುದಿಲ್ಲ ಅಲ್ವಾ? ಆದರೆ ಬೇಸಗೆಯಲ್ಲಿ ದಿನಾ ನೀರು ಹಾಕಿ ಅಭ್ಯಾಸವಾದ ಕೈ ಮಳೆಗಾಲದಲ್ಲೂ ಹಾಕುತ್ತದೆ.

ಒಂದು ಪ್ರಶ್ನೆ ನನ್ನನ್ನು ತುಂಬ ದಿನ ಕಾಡಿತ್ತು. ಬಿಗೋನಿಯಾ ರೆಕ್ಸ್ ಅಸ್ಸಾಮಿನ ಕಡೆಯ ಕಾಡಿನ ಗಿಡ. 1857ರಲ್ಲಿ ಅದಕ್ಕೆ ಆ ಹೆಸರು ಬಿತ್ತು. ನಾವು ಇವತ್ತು ಅಂಗಡಿಯಿಂದ ತರುವ ಬಣ್ಣದ ಎಲೆಯ ಗಿಡಗಳೆಲ್ಲ ಅದನ್ನು ಬೇರೆ ಜಾತಿಗಳ ಜತೆ ಮತ್ತೆ ಮತ್ತೆ ಕೂಡಿಸಿ ಪಡೆದ ತಳಿಗಳು. ಅಸ್ಸಾಮಿನಲ್ಲೂ ಮಳೆ ಕಡಿಮೆಯೇನಲ್ಲ. ಅಷ್ಟೇ ಯಾಕೆ, ನಮ್ಮ ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲೇ ಬಿಗೋನಿಯಾ ಮಲಬಾರಿಕಾ ಬೆಳೆಯುತ್ತದೆ. ಅಲ್ಲಿ ಬದುಕುವ ಕುಲ ನಮ್ಮ ಜಗಲಿಯಲ್ಲಿ ಯಾಕೆ ಕೊಳೆಯುತ್ತದೆ?

ಬೇರಿಗೆ ಗಾಳಿ ಸಿಗುವುದಿಲ್ಲ, ಅದಕ್ಕೆ. ಕಾಡಿನಲ್ಲಿ ಅದರ ಬೇರು ಇಳಿಜಾರಿನಲ್ಲಿ, ಬಂಡೆಯ ಬಿರುಕಿನ ಪಾಚಿಯಲ್ಲಿ, ಕೊಳೆತ ತರಗೆಲೆಯಲ್ಲಿ ಇರುತ್ತದೆ. ನೀರು ಬರುತ್ತದೆ, ಹರಿದು ಹೋಗುತ್ತದೆ, ಹಿಂದೆಯೇ ಗಾಳಿ ಬರುತ್ತದೆ. ಚಟ್ಟಿಯಲ್ಲಿ ನೀರು ನಿಲ್ಲುತ್ತದೆ. ಅದರಲ್ಲೂ ಅಂಗಳದ ಕೆಂಪು ಮಣ್ಣು ತುಂಬಿಸಿದರೆ ನಾಲ್ಕು ಮಳೆಗೆ ಅದು ಗೋಡೆಯ ಹಾಗೆ ಕಚ್ಚಿಕೊಳ್ಳುತ್ತದೆ. ಗಾಳಿ ಇಲ್ಲದೆ ಬೇರು ಸೋಲುತ್ತದೆ. ಆಮೇಲೆ ಪಿಥಿಯಂನಂಥ ಬೇರುಕೊಳೆ ರೋಗಾಣು ಸುಲಭದಲ್ಲಿ ಒಳಗೆ ಸೇರುತ್ತದೆ.

ಆ ಹುಡುಗಿಯ ಗಿಡವನ್ನು ಜಗಲಿಯಲ್ಲಿ ಹಳೆ ಪೇಪರ್ ಹಾಸಿ ಮಗುಚಿದೆ. ಮಣ್ಣು ಚಟ್ಟಿಯ ಆಕಾರದಲ್ಲೇ ಹೊರಗೆ ಬಂತು. ಕೆಸರಿನ ಹುಳಿ ವಾಸನೆ. ಒಂದು ಬೇರನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲ ಎಳೆದೆ. ಮೇಲಿನ ಕಂದು ಸಿಪ್ಪೆ ಕೊಳವೆಯ ಹಾಗೆ ಜಾರಿ ಕೈಯಲ್ಲಿ ಉಳಿಯಿತು. ಒಳಗಿನ ಕೂದಲಿನಂಥ ನೂಲು ಮಾತ್ರ ಗಿಡದಲ್ಲಿ ನೇತಾಡಿತು. ಬೇರು ಕೊಳೆತಿದೆಯಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಗುರುತು ನನಗೆ ಗೊತ್ತಿಲ್ಲ. ಒಳ್ಳೆ ಬೇರು ಬಿಳಿ ಅಥವಾ ತಿಳಿ ಕಂದು ಇರುತ್ತದೆ, ಎಳೆದರೆ ಸಿಪ್ಪೆ ಜಾರುವುದಿಲ್ಲ.

ನಡುವಿನಲ್ಲಿ ಇನ್ನೊಂದು ವಿಷಯ ಸಿಕ್ಕಿತು. ಬೇರಿನ ಮುದ್ದೆಯ ಒಳಗೆ ಸಣ್ಣ ಜಾಲರಿಯ ಬಟ್ಟಲು. ನರ್ಸರಿಯಲ್ಲಿ ಎಳೆ ಸಸಿಯನ್ನು ಅದರಲ್ಲಿ ಬೆಳೆಸಿ, ಹಾಗೆಯೇ ದೊಡ್ಡ ಚಟ್ಟಿಗೆ ಇಟ್ಟಿದ್ದರು. ಅದರ ಒಳಗಿನ ಪುಡಿ ಸ್ಪಂಜಿನಂತೆ ನೀರು ಹಿಡಿದು ಗೆಡ್ಡೆಯ ಬುಡವನ್ನು ಯಾವಾಗಲೂ ಒದ್ದೆ ಇಟ್ಟಿತ್ತು. ಹೊಸ ಗಿಡ ತಂದವರು ಒಂದೆರಡು ವಾರ ಅದು ಮನೆಗೆ ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಬುಡ ಬಿಡಿಸಿ ಇದನ್ನು ತಪ್ಪದೆ ಹುಡುಕಿ. ಇದ್ದರೆ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ.

ಕೊಳೆತ ಗಿಡವನ್ನು ಉಳಿಸುವುದು ಹೀಗೆ. ಬೇರಿನ ಮಣ್ಣೆಲ್ಲ ಕೆಡವಿ. ಕೊಳೆತ ಬೇರನ್ನು ಕತ್ತರಿಸಿ. ಹೊಸ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರಸಿ, ಗೆಡ್ಡೆಯ ಮೆತ್ತಗಾದ ಕಡೆಯಿಂದ ಸ್ವಲ್ಪ ಸ್ವಲ್ಪವೇ ಕೊಯ್ಯುತ್ತ ಬನ್ನಿ. ಕೊಯ್ದ ಜಾಗದಲ್ಲಿ ಕಂದು ಚುಕ್ಕೆ ಇರುವವರೆಗೆ ನಿಲ್ಲಿಸಬೇಡಿ. ತಿಳಿ ಹಸಿರು ಅಥವಾ ಬಿಳಿ ಮೈ ಕಂಡಾಗ ನಿಲ್ಲಿಸಿ. ಪ್ರತಿ ಕೊಯ್ತಕ್ಕೂ ಬ್ಲೇಡ್ ಒರಸಬೇಕು, ಇಲ್ಲವಾದರೆ ಕೊಳೆಯನ್ನು ನಾವೇ ಮುಂದೆ ಸಾಗಿಸಿದ ಹಾಗೆ. ದೊಡ್ಡ ಎಲೆಗಳನ್ನು ತೆಗೆದುಬಿಡಿ. ಬೇರಿಲ್ಲದ ಗಿಡಕ್ಕೆ ಅಷ್ಟು ಎಲೆ ಸಾಕುವ ಶಕ್ತಿ ಇಲ್ಲ. ಆ ಎಲೆಗಳನ್ನು ಬಿಸಾಡಬೇಡಿ, ಕೊನೆಯಲ್ಲಿ ಕೆಲಸ ಇದೆ.

ಕೊಯ್ದ ಗೆಡ್ಡೆಯನ್ನು ನೆರಳಲ್ಲಿ ಅರ್ಧ ದಿನ ಹಾಗೆಯೇ ಇಡಿ. ಮಳೆಗಾಲವಾದರೆ ಒಂದಿಡೀ ದಿನ. ಗಾಯ ಒಣಗಬೇಕು. ಆಮೇಲೆ ಸಣ್ಣ ಚಟ್ಟಿಗೆ. ದೊಡ್ಡದರಲ್ಲಿ ಆರಾಮವಾಗಿ ಬೆಳೆಯಲಿ ಅಂತ ಅನಿಸುತ್ತದೆ, ಆದರೆ ಬೇರು ತಲುಪದ ಮಣ್ಣಿನಲ್ಲಿ ನೀರು ಹಾಗೆಯೇ ನಿಲ್ಲುತ್ತದೆ. ಗೆಡ್ಡೆಗಿಂತ ಸುತ್ತಲೂ ಒಂದು ಇಂಚು ಜಾಸ್ತಿ ಇದ್ದರೆ ಸಾಕು. ಆಳವೂ ಬೇಡ, ಈ ಗಿಡದ ಬೇರು ಮೇಲೆಯೇ ಹರಡುತ್ತದೆ. ಅಗಲ ಬಾಯಿಯ, ಗಿಡ್ಡ ಮಣ್ಣಿನ ಚಟ್ಟಿ ಒಳ್ಳೆಯದು.

ನಾನು ತುಂಬಿಸುವ ಮಿಶ್ರಣ: ತೊಳೆದ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ತರಗೆಲೆ ಗೊಬ್ಬರ ಒಂದು ಪಾಲು, ಕಡಲೆ ಗಾತ್ರಕ್ಕೆ ಒಡೆದ ಇದ್ದಿಲು ಒಂದು ಪಾಲು. ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು) ಸಿಕ್ಕಿದರೆ ಅದೂ ಒಂದು ಪಾಲು. ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಉಂಡೆ ಬಿರಿಯಬೇಕು. ಲಾಡಿನ ಹಾಗೆ ನಿಂತರೆ ಇದ್ದಿಲು ಇನ್ನೂ ಬೇಕು. ಗೆಡ್ಡೆಯನ್ನು ಹೂತು ಹಾಕಬೇಡಿ, ಅರ್ಧ ಮೇಲೆ ಕಾಣುವ ಹಾಗೆ ಮಲಗಿಸಿ. ಎರಡು ಮೂರು ದಿನ ನೀರು ಬೇಡವೇ ಬೇಡ. ಬೇರು ಹಿಡಿಯುವವರೆಗೆ ಗೊಬ್ಬರವೂ ಬೇಡ. ಬಾಡಿದ ಗಿಡಕ್ಕೆ ಶಕ್ತಿ ಬರಲಿ ಅಂತ ಕಡ್ಲೆಹಿಂಡಿ ಕೊಳೆಸಿದ ನೀರು ಹಾಕುವವರಿದ್ದಾರೆ. ಪ್ರೀತಿಯಿಂದಲೇ ಹಾಕುವುದು. ಆದರೆ ಅದು ಕೊಳೆಗೂ, ಮಣ್ಣಿನ ಮೇಲೆ ಹಾರುವ ಸಣ್ಣ ಕಪ್ಪು ನೊಣಗಳಿಗೂ ಊಟ ಬಡಿಸಿದ ಹಾಗೆ.

ಆ ನೊಣದ ವಿಷಯ ಬಂತಲ್ಲ, ಚಟ್ಟಿ ಅಲುಗಿಸಿದಾಗ ಅವು ಎದ್ದರೆ ಮಣ್ಣು ಅತಿಯಾಗಿ ಒದ್ದೆ ಇದೆ ಅಂತ ಲೆಕ್ಕ. ಒಣಗಲು ಬಿಡಿ, ಕಡಿಮೆಯಾಗುತ್ತವೆ.

ಚಟ್ಟಿ ಹಗುರ

ಇದು ಸುಲಭ. ತಟ್ಟೆಯಲ್ಲಿ ನೀರು ಹಾಕಿ ಚಟ್ಟಿಯನ್ನು ಅದರಲ್ಲಿ ಅರ್ಧ ಗಂಟೆ ಇಡಿ, ಆಮೇಲೆ ತೆಗೆದು ಸೋರಲು ಬಿಡಿ. ಪೂರ್ತಿ ಒಣಗಿದ ನಾರಿನ ಪುಡಿ ಮೇಲಿನಿಂದ ಹಾಕಿದ ನೀರನ್ನು ಹಿಡಿಯುವುದೇ ಇಲ್ಲ, ಬದಿಯಿಂದ ಇಳಿದು ಹೋಗುತ್ತದೆ. ಅದಕ್ಕೇ ಕೆಳಗಿನಿಂದ ಕುಡಿಸುವುದು. ಕೆಲವು ಗಂಟೆಗಳಲ್ಲಿ ಎಲೆ ಏಳುತ್ತದೆ.

ಮಧ್ಯಾಹ್ನ ಮಾತ್ರ ಬಾಡುವುದು

ಏಪ್ರಿಲ್‌, ಮೇ ತಿಂಗಳಲ್ಲಿ ತುಂಬ ಜನ ಇದನ್ನು ನೋಡಿ ಹೆದರುತ್ತಾರೆ. ಮಣ್ಣು ಹದವಾಗಿ ಒದ್ದೆ ಇದೆ, ಗೆಡ್ಡೆ ಗಟ್ಟಿ ಇದೆ, ಆದರೂ ಎರಡು ಗಂಟೆಯ ಹೊತ್ತಿಗೆ ಎಲೆ ಇಳಿಯುತ್ತದೆ. ರೆಕ್ಸ್‌ಗೆ ಹಿತವಾದದ್ದು 18ರಿಂದ 24 ಡಿಗ್ರಿ. ನಮ್ಮಲ್ಲಿ ಆಗ 33, 34. ಎಲೆಯಿಂದ ನೀರು ಹೋಗುವ ವೇಗಕ್ಕೆ ಬೇರು ಸರಿಗಟ್ಟುವುದಿಲ್ಲ.

ಹೀಗಿದ್ದಾಗ ನೀರಿನ ಚೊಂಬು ಮುಟ್ಟಬೇಡಿ. ಮಾರನೆಯ ದಿನ ಬೆಳಿಗ್ಗೆ ಆರು ಗಂಟೆಗೆ, ಬೆಳಕು ಹರಿಯುವ ಹೊತ್ತಿಗೆ ನೋಡಿ. ಎಲೆ ಎದ್ದು ನಿಂತಿದ್ದರೆ ಗಿಡ ಚೆನ್ನಾಗಿದೆ, ಬಿಸಿಗೆ ಸುಸ್ತಾಗಿದೆ ಅಷ್ಟೇ. ಬೆಳಿಗ್ಗೆಯೂ ಜೋತಿದ್ದರೆ ಬೇರಿನದ್ದೇ ತೊಂದರೆ, ಮೇಲೆ ಹೇಳಿದಂತೆ ಬುಡ ಬಿಡಿಸಿ. ಬಿಸಿಲು ತಿಂಗಳಲ್ಲಿ ಇದನ್ನು ತಾರಸಿಯಿಂದ, ಶೀಟಿನ ಮಾಡಿನ ಅಡಿಯಿಂದ ತೆಗೆದುಬಿಡಿ. ಹಂಚಿನ ಮಾಡಿನ ಜಗಲಿಯಲ್ಲಿ ನೆಲದ ಮೇಲೆ ಇಟ್ಟರೆ ಎಷ್ಟೋ ತಂಪು. ನಾನು ಬಾವಿಕಟ್ಟೆಯ ನೆರಳಲ್ಲಿ ಇಡುತ್ತೇನೆ. ಅಲ್ಲಿ ನೆಲವೇ ತಣ್ಣಗಿರುತ್ತದೆ.

ಎಲೆಯ ಅಂಚು ಸುಟ್ಟ ಹಾಗೆ ಆದರೆ

ಇದರಲ್ಲಿ ನಾನು ಒಂದಿಡೀ ವರ್ಷ ತಪ್ಪಿದ್ದೇನೆ. ಪುಸ್ತಕದಲ್ಲೂ ವೀಡಿಯೋದಲ್ಲೂ ಹೇಳುವುದು ಒಂದೇ: ಅಂಚು ಕಂದು ಬಣ್ಣವಾಗಿ ಗರಿಗರಿಯಾದರೆ ಗಾಳಿ ಒಣಗಿದೆ. ಎ.ಸಿ. ಕೋಣೆಯಲ್ಲಿ, ಡಿಸೆಂಬರ್ ಜನವರಿಯ ಒಣ ಗಾಳಿಯಲ್ಲಿ ಅದು ನಿಜ. ಫ್ಯಾನಿನ ನೇರಕ್ಕೆ ಇಟ್ಟರೂ ಹಾಗೆಯೇ ಆಗುತ್ತದೆ. ಆಗ ತಟ್ಟೆಯಲ್ಲಿ ಜಲ್ಲಿ ಹರಡಿ, ಜಲ್ಲಿ ಮುಳುಗದಷ್ಟು ನೀರು ಹಾಕಿ, ಅದರ ಮೇಲೆ ಚಟ್ಟಿ ಇಟ್ಟರೆ ಸ್ವಲ್ಪ ಉಪಕಾರ. ನಾಲ್ಕು ಗಿಡ ಒಟ್ಟಿಗೆ ಇಟ್ಟರೆ ಇನ್ನೂ ಒಳ್ಳೆಯದು.

ಆದರೆ ನನ್ನ ಅತ್ತಿಗೆಯ ಮನೆ ಕುಂಬಳೆಯಲ್ಲಿ, ಸಮುದ್ರಕ್ಕೆ ಹತ್ತಿರ. ಅಲ್ಲಿ ಗಾಳಿ ಒಣಗುವುದು ಎಲ್ಲಿಂದ ಬಂತು? ಕಬ್ಬಿಣದ ಬೀಗ ಎರಡು ವರ್ಷಕ್ಕೆ ತುಕ್ಕು ಹಿಡಿಯುವ ಊರು. ನಾನು ಕೊಟ್ಟ ಗಿಡಗಳು ಅಲ್ಲಿ ಮಳೆಗಾಲ ಪೂರ್ತಿ ಲಕಲಕ ಅನ್ನುತ್ತಿದ್ದವು. ಮಾರ್ಚ್ ಬಂದ ಕೂಡಲೇ ಅಂಚು ಸುಡತೊಡಗುತ್ತಿತ್ತು. "ಅತ್ತಿಗೆ, ನೀವು ದಿನಾ ನೀರು ಚಿಮುಕಿಸಿ" ಅಂದೆ. ಅವರು ಪಾಪ ದಿನಕ್ಕೆ ಎರಡು ಸಲ ಚಿಮುಕಿಸಿದರು. ಇನ್ನೂ ಜಾಸ್ತಿ ಸುಟ್ಟಿತು.

ಅವರ ಮನೆಗೆ ಹೋದ ದಿನ ಚಟ್ಟಿಯ ಬಾಯಿಯಲ್ಲಿ ಬಿಳಿ ಹುಡಿ ಕಂಡೆ. ಉಗುರಿಂದ ಕೆರೆದರೆ ಉದುರಿತು. ಮಣ್ಣಿನ ಚಟ್ಟಿಯ ಹೊರಮೈಯಲ್ಲೂ ಬಿಳಿ ಗೆರೆ. ಉಪ್ಪು! ಕಡಲ ಕರೆಯ ಬಾವಿಗಳಲ್ಲಿ ಬೇಸಗೆಗೆ ನೀರು ಇಳಿದಾಗ ಉಪ್ಪುನೀರು ಒಳಗೆ ಬರುವುದು ಅಲ್ಲಿಯವರಿಗೆಲ್ಲ ಗೊತ್ತು. ಕುಡಿಯಲು ಬೇರೆ ನೀರು ತರುತ್ತಾರೆ, ಗಿಡಕ್ಕೆ ಬಾವಿಯದ್ದೇ ಹಾಕುತ್ತಾರೆ. ನಾಲಿಗೆಗೆ ಗೊತ್ತಾಗುವ ಮೊದಲೇ ಬಿಗೋನಿಯಾಕ್ಕೆ ಗೊತ್ತಾಗುತ್ತದೆ. ಬೇರಿನಿಂದ ಮೇಲೇರಿದ ನೀರು ಎಲೆಯಿಂದ ಆವಿಯಾಗಿ ಹೋಗುತ್ತದೆ, ಉಪ್ಪು ಅಂಚಿನಲ್ಲಿ ಉಳಿಯುತ್ತದೆ. ಸುಡುವುದು ಅಲ್ಲಿಂದಲೇ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಎರಡು ಸ್ಟೀಲ್ ತಟ್ಟೆ ತೆಗೆದುಕೊಳ್ಳಿ. ಒಂದರಲ್ಲಿ ಎರಡು ಚಮಚ ಮಳೆನೀರು, ಇನ್ನೊಂದರಲ್ಲಿ ಅಷ್ಟೇ ಬಾವಿನೀರು. ಬಿಸಿಲಲ್ಲಿ ಒಣಗಿಸಿ. ಅತ್ತಿಗೆಯ ಮನೆಯ ತಟ್ಟೆಯಲ್ಲಿ ಸುಣ್ಣದ ಗೆರೆಯ ಹಾಗೆ ದಪ್ಪ ಉಂಗುರ ಉಳಿಯಿತು. ನೀರಿಗಾಗಿ ನಮ್ಮ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದ ನೀರು ಒಣಗಿಸಿದರೆ ಕಲೆಯೂ ಸರಿಯಾಗಿ ಕಾಣಲಿಲ್ಲ. ಕೆಂಪು ಕಲ್ಲಿನ ಒಳಗಿಂದ ಹನಿದು ಬರುವ ನೀರು ಬಿಗೋನಿಯಾಕ್ಕೆ ಅಮೃತ. ಸುರಂಗ ಇನ್ನೂ ಬತ್ತದೆ ಇರುವ ಮನೆಯವರು ನಿಜಕ್ಕೂ ಪುಣ್ಯವಂತರು.

ಉಳಿದವರು ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡಿ. ಸೊಳ್ಳೆ ಬಾರದಂತೆ ಬಾಯಿಗೆ ಬಟ್ಟೆ ಬಿಗಿದು ಕಟ್ಟಬೇಕು. ನಾಲ್ಕೈದು ಚಟ್ಟಿಗೆ ಒಂದು ಬೇಸಗೆಗೆ ಬೇಕಾದಷ್ಟು ನೀರು ಒಂದೇ ದೊಡ್ಡ ಮಳೆಗೆ ಸಿಕ್ಕುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಲ್ಲೂ ಉಪ್ಪಿಲ್ಲ, ಬಳಸಬಹುದು. ಆಗಲೇ ಉಪ್ಪು ಹಿಡಿದ ಚಟ್ಟಿಯನ್ನು ತೊಳೆಯಲು ಒಳ್ಳೆ ನೀರನ್ನು ಚಟ್ಟಿಯ ನಾಲ್ಕೈದು ಪಟ್ಟು ಅಳತೆಯಲ್ಲಿ ಮೆಲ್ಲ ಹೊಯ್ದು ಪೂರ್ತಿ ಸೋರಲು ಬಿಡಿ. ಮಿಶ್ರಣ ಹಗುರ ಇದ್ದರೆ ಮಾತ್ರ ಇದನ್ನು ಮಾಡಿ. ಗಟ್ಟಿ ಮಣ್ಣಾಗಿದ್ದರೆ ಚಟ್ಟಿಯೇ ಬದಲಿಸಿ. ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ಮುಂದೆ ಬರುವ ಎಲೆ ನೋಡಿ ಗುಣವಾಯಿತಾ ಅಂತ ತಿಳಿಯಬೇಕು.

ಉಪ್ಪಿಗೆ ಇನ್ನೊಂದು ಬಾಗಿಲಿದೆ: ನಾರಿನ ಪುಡಿ. ತೆಂಗಿನ ಸಿಪ್ಪೆಯಲ್ಲೇ ಪೊಟ್ಯಾಸಿಯಂ, ಸೋಡಿಯಂ ಉಪ್ಪುಗಳು ಇರುತ್ತವೆ. ಸಿಪ್ಪೆಯನ್ನು ಹಿನ್ನೀರಿನ ಉಪ್ಪುನೀರಿನಲ್ಲಿ ನೆನೆಹಾಕಿದ್ದರೆ ಕೇಳುವುದೇ ಬೇಡ. ನಾರಿನ ಮಿಲ್ಲಿನಿಂದ ಗೋಣಿಯಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ನೇರ ಚಟ್ಟಿಗೆ ತುಂಬಬೇಡಿ. ಬಕೆಟಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ಕಾಫಿ ಬಣ್ಣದ ನೀರನ್ನು ಚೆಲ್ಲಿ. ಹೀಗೆ ಮೂರು ಸಲ. ಮೂರನೆಯ ಸಲ ನೀರು ತಿಳಿ ಚಹಾದ ಬಣ್ಣಕ್ಕೆ ಬಂದಿರುತ್ತದೆ.

ಗೊಬ್ಬರ ಜಾಸ್ತಿಯಾದರೂ ಇದೇ ಲಕ್ಷಣ. ನೀರಲ್ಲಿ ಕರಗುವ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ ಗೊಬ್ಬರ) ಹಾಕುವುದಾದರೆ ಲೀಟರಿಗೆ ಅರ್ಧ ಗ್ರಾಂ ಸಾಕು, 15 ದಿನಕ್ಕೊಮ್ಮೆ, ಗಿಡ ಬೆಳೆಯುವ ಕಾಲದಲ್ಲಿ ಮಾತ್ರ.

ಬಿಳಿ ಹುಡಿ

ಮೊದಲು ಒಂದು ಸಮಾಧಾನ. ಎಲೆಯ ಬೆಳ್ಳಿ ಬಣ್ಣ ರೋಗ ಅಲ್ಲ! ಎಲೆಯ ಮೇಲ್ಪದರದ ಅಡಿಯಲ್ಲಿ ಗಾಳಿಯ ಸಣ್ಣ ಜಾಗಗಳಿದ್ದು, ಬೆಳಕು ಅಲ್ಲಿ ಚದುರಿ ಹಾಗೆ ಹೊಳೆಯುತ್ತದೆ. ಹೆಬ್ಬೆರಳನ್ನು ಒದ್ದೆ ಮಾಡಿ ಉಜ್ಜಿ ನೋಡಿ. ಬೆಳ್ಳಿ ಹೋಗುವುದಿಲ್ಲ. ಬೂದಿರೋಗವಾದರೆ ಹಿಟ್ಟಿನ ಹಾಗೆ ಒರಸಿ ಬರುತ್ತದೆ, ಎರಡು ದಿನಕ್ಕೆ ಮತ್ತೆ ಹುಟ್ಟುತ್ತದೆ.

ಇದು ಜೋರು ಮಳೆಯಲ್ಲಿ ಬರುವುದು ಕಡಿಮೆ. ಮಳೆ ಬಿಟ್ಟ ಮೇಲೆ, ಹಗಲು ಬಿಸಿ, ರಾತ್ರಿ ತಂಪು ಇರುವಾಗ, ಗಾಳಿಯಾಡದ ಮೂಲೆಯಲ್ಲಿ ಬರುತ್ತದೆ. ಹತ್ತಿದ ಎಲೆಯನ್ನು ಹುಡಿ ಹಾರದಂತೆ ಕವರಿನೊಳಗೆ ಹಾಕಿ ಕತ್ತರಿಸಿ ತೆಗೆಯಿರಿ. ಚಟ್ಟಿಗಳ ನಡುವೆ ಅಂತರ ಕೊಡಿ. ಹೆಚ್ಚಾದರೆ ನೀರಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ರಬ್ಬರ್ ತೋಟದಲ್ಲಿ ಹೊಸ ಚಿಗುರಿನ ಬೂದಿರೋಗಕ್ಕೆ ಹಾರಿಸುವುದೂ ಗಂಧಕವೇ, ಆದರೆ ಆ ಹುಡಿಯನ್ನು ಎಲೆಗೆ ಉದುರಿಸಬೇಡಿ. ನೀರಲ್ಲಿ ಕಲಸಿದ ಗಂಧಕವನ್ನೂ ಮೊದಲು ಒಂದು ಎಲೆಗೆ ಹಚ್ಚಿ ಮೂರು ದಿನ ನೋಡಿ, ಆಮೇಲೆ ಉಳಿದದ್ದಕ್ಕೆ. ಬಿಸಿಲು 30 ಡಿಗ್ರಿ ದಾಟಿದಾಗ ಹಾಕಿದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಸಿಂಪಡಿಸಿದ್ದರೆ ಎರಡು ಮೂರು ವಾರ ಗಂಧಕ ಮುಟ್ಟಬೇಡಿ, ಎರಡೂ ಸೇರಿದರೂ ಸುಡುತ್ತದೆ.

ರಬ್ಬರಿನಿಂದಲೋ ಅಂಗಳದ ಚೀನಿಕಾಯಿ (ಸಿಹಿಗುಂಬಳ) ಬಳ್ಳಿಯಿಂದಲೋ ಇದು ಹಾರಿ ಬಂತು ಅಂತ ಕೆಲವರು ಹೇಳುತ್ತಾರೆ. ಬೂದಿರೋಗದ ಶಿಲೀಂಧ್ರಗಳು ಸಾಮಾನ್ಯವಾಗಿ ತಮ್ಮ ತಮ್ಮ ಗಿಡಕ್ಕೇ ಕಟ್ಟುಬಿದ್ದವು. ನಿಮ್ಮ ಬಿಗೋನಿಯಾಕ್ಕೆ ಅದು ಇನ್ನೊಂದು ಬಿಗೋನಿಯಾದಿಂದಲೇ ಬಂದಿರಬೇಕು. ಹೊಸ ಗಿಡವನ್ನು ಮೂರು ವಾರ ಬೇರೆ ಇಡಿ.

ಎಣ್ಣೆ ಹತ್ತಿದಂಥ ಚುಕ್ಕೆ

ಎಲೆಯನ್ನು ಬೆಳಕಿಗೆ ಹಿಡಿದಾಗ, ಕಾಗದಕ್ಕೆ ಎಣ್ಣೆ ಬಿದ್ದ ಹಾಗೆ ಪಾರದರ್ಶಕ ಚುಕ್ಕೆ ಕಾಣುತ್ತದೆಯೇ? ಸುತ್ತ ಹಳದಿ ಉಂಗುರ ಇದೆಯೇ? ಹಾಗಿದ್ದರೆ ಅದು ಕ್ಸಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ ಚುಕ್ಕೆರೋಗ ಇರಬಹುದು. ಇದಕ್ಕೆ ಗುಣ ಮಾಡುವ ಮದ್ದಿಲ್ಲ. ಮನಸ್ಸು ಗಟ್ಟಿ ಮಾಡಿ ಗಿಡವನ್ನು ಕವರಿನಲ್ಲಿ ಕಟ್ಟಿ ತೆಗೆದುಹಾಕಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಎಲೆಯ ಮೇಲೆ ಬಿದ್ದ ನೀರು ಸಿಡಿದೇ ಇದು ಪಕ್ಕದ ಗಿಡಕ್ಕೆ ಹಬ್ಬುತ್ತದೆ. ಹಾಗಾಗಿ ಮಾಡಿನ ನೀರು ಬೀಳುವ ಜಾಗದಲ್ಲಿ ಬಿಗೋನಿಯಾ ಇಡಲೇಬಾರದು. ನೀರನ್ನು ಬುಡಕ್ಕೆ ಹಾಕಿ, ಎಲೆಗೆ ಬೇಡ.

ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಮನೆಯಲ್ಲಿ ಇದೆಯಲ್ಲ, ಒಂದು ಲೋಟ ಇದಕ್ಕೂ ಬಿಡುವ ಅಂತ ನಮ್ಮವರು ಒಮ್ಮೆ ಬಿಟ್ಟರು. 100 ಲೀಟರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ ಸೇರಿದ ಆ ದ್ರಾವಣ ಅಡಿಕೆ ಗೊನೆಗೆ ಸರಿ. ಬಿಗೋನಿಯಾದ ಎಳೆ ಎಲೆ ಮೈಲುತುತ್ತಿನ ತಾಮ್ರಕ್ಕೆ ತಡೆಯಲಿಲ್ಲ, ಕಪ್ಪಾಯಿತು. ತೋಟಕ್ಕೆ ಮದ್ದು ಬಿಡುವ ದಿನ ಈಗ ನನ್ನ ಚಟ್ಟಿಗಳೆಲ್ಲ ಒಳಗೆ ಹೋಗುತ್ತವೆ.

ಮಳೆಗಾಲದಲ್ಲಿ ಎಲೆಯ ಅಡಿಯಲ್ಲಿ ಒರಟು ಕಂದು ಗುಳ್ಳೆಗಳು ಎದ್ದರೆ ಬೇರೆ ವಿಷಯ. ಬೇರು ಕುಡಿದಷ್ಟು ನೀರನ್ನು ಎಲೆ ಹೊರಗೆ ಬಿಡಲಾಗದೆ ಒಳಗೆ ಒಡೆದ ಗುರುತು ಅದು. ಹಬ್ಬುವುದಿಲ್ಲ. ನೀರು ಕಡಿಮೆ ಮಾಡಿ, ಗಾಳಿಯಾಡಲು ಬಿಡಿ.

ಹುಳಗಳು

ಹತ್ತಿಯ ತುಣುಕಿನ ಹಾಗೆ ಎಲೆದಂಟಿನ ಸಂದಿಯಲ್ಲಿ ಕೂತದ್ದು ಹಿಟ್ಟುತಿಗಣೆ. ಇರುವೆ ಸಾಲು ಚಟ್ಟಿ ಹತ್ತುತ್ತಿದ್ದರೆ ಅದನ್ನು ಹುಡುಕಿ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಹಚ್ಚಿ ಹುಳಕ್ಕೆ ಮಾತ್ರ ಮುಟ್ಟಿಸಿ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡದಿದ್ದರೆ ಮರಿ ಉಳಿಯುತ್ತದೆ. ಮೇಲೆ ಏನೂ ಕಾಣದೆ ಗಿಡ ಸುಮ್ಮನೆ ಸೊರಗಿದರೆ ಬುಡ ಬಿಡಿಸಿ ನೋಡಿ, ಬೇರಿಗೆ ಹತ್ತುವ ಬಿಳಿ ತಿಗಣೆಯೂ ಇದೆ. ಹೊಸ ಎಲೆ ಸಣ್ಣದಾಗಿ, ಗಟ್ಟಿಯಾಗಿ, ಮುರುಟಿ ಬಂದರೆ ನುಸಿ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಮುರುಟಿದ ತುದಿ ತೆಗೆದು, ಬೇವಿನ ಎಣ್ಣೆ 5 ಮಿ.ಲೀ., ನಾಲ್ಕು ಹನಿ ಸೋಪು, ಒಂದು ಲೀಟರ್ ನೀರು ಕಲಸಿ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಇದನ್ನೂ ಮೊದಲು ಒಂದೇ ಎಲೆಗೆ. ಬೆಳಿಗ್ಗೆ ಎಲೆಯಲ್ಲಿ ದೊಡ್ಡ ತೂತು, ಚಟ್ಟಿಯ ಮೇಲೆ ಹೊಳೆಯುವ ಅಂಟು ಗೆರೆ ಇದ್ದರೆ ಬಸವನಹುಳ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ದಾರಿ.

ಬಣ್ಣ ಮಾಸಿದರೆ

ಎಲೆಯಿಂದ ಒಂದು ಅಡಿ ಮೇಲೆ ಕೈ ಹಿಡಿಯಿರಿ. ನೆರಳಿನ ಅಂಚು ಚೂರಿಯಲ್ಲಿ ಕೊಯ್ದ ಹಾಗೆ ಸ್ಪಷ್ಟ ಇದ್ದರೆ ಬಿಸಿಲು ಜಾಸ್ತಿ, ಬಣ್ಣ ತೊಳೆದ ಹಾಗಾಗುತ್ತದೆ. ಮಸುಕಾದ ನೆರಳಾದರೆ ಸರಿ. ನೆರಳೇ ಬೀಳದಿದ್ದರೆ ಕತ್ತಲೆ ಜಾಸ್ತಿ, ದಂಟು ಉದ್ದವಾಗಿ ಎಲೆ ಬೆಳಕಿನ ಕಡೆಗೆ ವಾಲುತ್ತದೆ. ಸುತ್ತ ಅಡಿಕೆ ಮರಗಳಿರುವ ಮನೆಗಳಲ್ಲಿ ಜುಲೈಯ ಮೋಡಕ್ಕೆ ಜಗಲಿ ನಿಜಕ್ಕೂ ಕತ್ತಲೆ. ನಾನು ಆ ತಿಂಗಳುಗಳಲ್ಲಿ ಸಾಧಾರಣ ಬಿಳಿ ಎಲ್‌ಇಡಿ ಟ್ಯೂಬನ್ನು ಗಿಡದಿಂದ ಒಂದು ಅಡಿ ಮೇಲೆ ಕಟ್ಟಿ ದಿನಕ್ಕೆ 12 ಗಂಟೆ ಉರಿಸುತ್ತೇನೆ. ಬಣ್ಣ ಬಿಡುವುದಿಲ್ಲ.

ಕೊಯ್ದ ಎಲೆಗಳಿಗೆ ಕೆಲಸ

ಬುಡ ಕೊಳೆತ ಗಿಡದ ಎಲೆ ಚೆನ್ನಾಗಿದ್ದರೆ ಅದರಿಂದಲೇ ಹೊಸ ಗಿಡ ಬರುತ್ತದೆ. ಗೆಡ್ಡೆ ಉಳಿಯುತ್ತದೋ ಇಲ್ಲವೋ ಅನ್ನುವ ಅನುಮಾನ ಇರುವಾಗ ಇದನ್ನು ಅದೇ ದಿನ ಮಾಡಿಬಿಡಿ. ಎಲೆಯನ್ನು ಮಗುಚಿ. ದಂಟು ಸೇರುವ ಜಾಗದಿಂದ ದಪ್ಪ ನರಗಳು ಕೈಬೆರಳಿನ ಹಾಗೆ ಹರಡಿರುತ್ತವೆ. ಪ್ರತಿ ತುಂಡಿನ ನಡುವೆ ಒಂದು ದಪ್ಪ ನರ ಬರುವ ಹಾಗೆ, ಪಿಜ್ಜಾ ತುಂಡಿನ ಆಕಾರಕ್ಕೆ ಕೊಯ್ಯಿರಿ. ಚೂಪಾದ ತುದಿಯನ್ನು, ಅಂದರೆ ದಂಟಿನ ಕಡೆಯದ್ದನ್ನು, ತೊಳೆದ ನಾರಿನ ಪುಡಿಗೆ ಅರ್ಧ ಇಂಚು ಚುಚ್ಚಿ ನಿಲ್ಲಿಸಿ. ಪುಡಿ ಹಿಂಡಿದರೆ ನೀರು ಬರಬಾರದು, ಕೈಗೆ ತಂಪು ಹತ್ತಿದರೆ ಸಾಕು.

ಮುಚ್ಚಳ ಇರುವ ಪಾರದರ್ಶಕ ಡಬ್ಬಿ ಒಳ್ಳೆಯದು. ನೇರ ಬಿಸಿಲು ತಾಗದ, ಬೆಳಕಿರುವ ಕಡೆ ಇಡಿ. ಎರಡು ದಿನಕ್ಕೊಮ್ಮೆ ಮುಚ್ಚಳ ತೆರೆದು ಐದು ನಿಮಿಷ ಗಾಳಿಯಾಡಿಸಿ. ಕಪ್ಪಾದ ತುಂಡು ಕಂಡರೆ ತೆಗೆದುಬಿಡಿ. ನಾಲ್ಕರಿಂದ ಎಂಟು ವಾರದಲ್ಲಿ ಚುಚ್ಚಿದ ಜಾಗದಲ್ಲಿ ಕೊತ್ತಂಬರಿ ಬೀಜದಷ್ಟು ಎಲೆ ಹೊರಗೆ ಬರುತ್ತದೆ.

ಆಚೆಮನೆಯ ಹುಡುಗಿಯ ಗೆಡ್ಡೆಯನ್ನು ಕೊಯ್ಯುತ್ತ ಹೋದಾಗ ಕೊನೆಗೆ ಹೆಬ್ಬೆರಳಿನಷ್ಟೂ ಉಳಿಯಲಿಲ್ಲ. ಅದು ಬದುಕಲಿಲ್ಲ. ಆದರೆ ಅವಳ ಎಲೆಯ ಒಂಬತ್ತು ತುಂಡುಗಳನ್ನು ಒಂದು ಹಳೆ ಡಬ್ಬಿಯಲ್ಲಿ ಚುಚ್ಚಿದ್ದೆವು. ಆರು ಚಿಗುರಿದವು. ಮರಿಗೆ ಮೂರು ಎಲೆ ಆಗುವವರೆಗೆ ಡಬ್ಬಿಯಿಂದ ತೆಗೆಯಬಾರದು ಅಂತ ಹೇಳಿದ್ದೆ. ಆಟಿಯ ಮುಂದಿನ ಸೋಣ ತಿಂಗಳು ಕಳೆದು ಒಂದು ಸಂಜೆ ಬಂದಳು. ಡಬ್ಬಿಯ ಮುಚ್ಚಳ ತೆರೆದು, ಒಂದೊಂದೇ ಮರಿಯ ಎಲೆ ಲೆಕ್ಕ ಮಾಡಿದಳು. ನಾಲ್ಕಕ್ಕೆ ಮೂರಾಗಿತ್ತು, ಎರಡಕ್ಕೆ ಇನ್ನೂ ಎರಡೇ. ಆ ಎರಡನ್ನು ಡಬ್ಬಿಯಲ್ಲೇ ಬಿಟ್ಟು ಮುಚ್ಚಳ ಹಾಕಿದಳು. ಉಳಿದ ನಾಲ್ಕಕ್ಕೆ ಚಟ್ಟಿ ತುಂಬಿಸಿದೆವು. ನೀರು ಹಾಕಲು ಚೊಂಬು ಎತ್ತಿದೆ. ಅವಳು ನನ್ನ ಕೈ ತಡೆದು ಮೊದಲು ಚಟ್ಟಿ ಎತ್ತಿ ನೋಡಿದಳು.